ಅಮಾನತು

ಜನವರಿಯ ಎರಡನೆಯ ಸೋಮವಾರ, ಟೊಲೀಡೊ.
ಕಿಟಕಿಯಾಚೆ ಮೌಮೀ ನದಿ ಅರ್ಧ ಹೆಪ್ಪುಗಟ್ಟಿದೆ,
ಇನ್ನರ್ಧಕ್ಕೆ ಇನ್ನೂ ಮನಸ್ಸಿಲ್ಲ.
ಸಮಿತಿಯಲ್ಲಿ ನಾವು ನಾಲ್ವರು, ಮೂವತ್ತೊಂದು ಅರ್ಜಿ,
ನಿನ್ನೆಯ ಡೋನಟ್ಟಿನ ಒಂದು ಡಬ್ಬಿ.

ಹತ್ತೊಂಬತ್ತನೆಯದು ಬ್ರಾಂಡಿ ಸೊಕೊಲ್ಸ್ಕಿಯದು.
ಹೆಸರು ಕೇಳಿ ನನ್ನೊಳಗಿನ ಗದಗಿನ ಹುಡುಗಿ ಕಿಸಕ್ಕೆಂದಳು,
ಸುಮ್ಮನಿರು ಅಂದೆ.

ನಮೂನೆಯಲ್ಲಿ ಮೂರೇ ಪ್ರಶ್ನೆ.
ಹೀಗೇಕಾಯಿತು? ಈಗೇನು ಬದಲಾಗಿದೆ?
ಮತ್ತೆ ಹೀಗಾಗದು ಎನ್ನಲು ಏನು ಆಧಾರ?
ಬೆಳಗಿನಿಂದ ಹದಿನೆಂಟು ಮಂದಿ
ಪಾಠ ಕಲಿತಿದ್ದಾರೆ, ವೇಳೆಯ ಬೆಲೆ ಅರಿತಿದ್ದಾರೆ;
ಯಾರೋ ಕೊಡಿಸಿದ ಅಂಗಿ ತೊಟ್ಟು ಬಂದ ವಾಕ್ಯಗಳು,
ಕಂಕುಳಲ್ಲಿ ಬೆಲೆಚೀಟಿ ಇನ್ನೂ ತೂಗುತ್ತಿದೆ.

ಇವಳು ಬರೆದದ್ದು:
ರಾತ್ರಿ ಹನ್ನೊಂದರಿಂದ ಏಳರವರೆಗೆ ಗಾಜಿನ ಕಾರ್ಖಾನೆ.
ಕಾರಿನ ಮುಂಗಾಜು ಒಂದರ ಹಿಂದೊಂದು ಬರುತ್ತವೆ,
ಒಳಗೆ ಗುಳ್ಳೆ ಇದ್ದರೆ ಹಿಡಿಯುವುದು ನನ್ನ ಕೆಲಸ.
ಎಂಟಕ್ಕೆ ರಸಾಯನಶಾಸ್ತ್ರ.
ನಾನು ಫೇಲಾಗಲಿಲ್ಲ, ನಿದ್ದೆಹೋದೆ.
ಹಗಲು ಪಾಳಿ ಕೇಳಿದ್ದೇನೆ, ಕೊಡುತ್ತಾರೋ ಇಲ್ಲವೋ.
ಆಧಾರ ಇಲ್ಲ.

ಅಷ್ಟೇ. ಅದರ ಕೆಳಗೆ
ನಾನೂರು ಅಕ್ಷರಕ್ಕಾಗುವ ಬಯಲು.

"ಸುಳ್ಳಿಲ್ಲ, ಸರಿ. ಆದರೆ ಯೋಜನೆ ಎಲ್ಲಿ?" ಹ್ಯಾರಿಯೆಟ್ ಕೇಳಿದಳು.
ಡೀನ್ ಕನ್ನಡಕ ಏರಿಸಿ ಸರಾಸರಿ ಓದಿದ:
ಒಂದು ಬಿಂದು ನಾಲ್ಕು. ಬಿಂದುವಿನ ಹತ್ತಿರ
ತುಸು ಹೆಚ್ಚೇ ಹೊತ್ತು ನಿಂತ.

ನಮ್ಮೂರಲ್ಲಿ ಯಾರೂ ಫೇಲಾಗುತ್ತಿರಲಿಲ್ಲ.
ಡುಮ್ಕಿ ಹೊಡೆಯುತ್ತಿದ್ದರು, ಲಾಗ ಹಾಕುತ್ತಿದ್ದರು, ಗೋತಾ ಹೊಡೆಯುತ್ತಿದ್ದರು.
ಎಲ್ಲ ಮೈಯ ಆಟ, ಎಲ್ಲ ನೀರು ಗಾಳಿಯ ಮಾತು.
ಬಾವಿಗೆ ಡುಮ್ಕಿ ಹೊಡೆದವನು ಮೇಲೆ ಬಂದೇ ಬರುತ್ತಾನೆಂದು
ಕಟ್ಟೆಯ ಮೇಲಿನವರು ಗುಳ್ಳೆ ಎಣಿಸುತ್ತ ನಿಲ್ಲುತ್ತಿದ್ದರು.
ನಾನೂ ಒಮ್ಮೆ ಹೊಡೆದಿದ್ದೆ. ಎರಡನೆಯ ಪಿಯುಸಿ, ಭೌತಶಾಸ್ತ್ರ, ಇಪ್ಪತ್ತೆಂಟು.
ಈ ಕೋಣೆಯಲ್ಲಿ ಅದು ಯಾರಿಗೂ ಗೊತ್ತಿಲ್ಲ.
ಗೋಡೆಯ ಮೇಲೆ ನನ್ನ ಹೆಸರಿನ ಮುಂದೆ
ಡಾಕ್ಟರ್ ಎಂದು ಹಿತ್ತಾಳೆಯಲ್ಲಿ ಕೊರೆದಿದೆ.

ಇನ್ನೊಂದು ಮಾತೂ ನೆನಪಾಯಿತು, ಬೇಡವೆಂದರೂ.
ಸೊಸೈಟಿ ಬ್ಯಾಂಕಿನಲ್ಲಿ ಕಾಕಾನ ಬಳಿ
ಕೆಂಪು ರಟ್ಟಿನ ಒಂದು ಪುಸ್ತಕವಿತ್ತು, ಅಮಾನತ್ತಿನದು.
ಯಾರದು, ಏನು, ಎಂದು ಇಟ್ಟದ್ದು.
ಕಾಶವ್ವ ಬೋರಮಾಳ ಇಟ್ಟು ಹೋದವಳು ಎರಡು ವರ್ಷ ಬರಲೇ ಇಲ್ಲ.
ದೀಪಾವಳಿಗೊಮ್ಮೆ ಕಾಕಾ ಅದನ್ನು ತೆಗೆದು
ಧೋತರದ ಅಂಚಿನಿಂದ ಒರೆಸಿ ಮತ್ತೆ ಇಡುತ್ತಿದ್ದ.
ಅದೇ ಪದ ಪೇಪರಿನಲ್ಲಿ ಬರುತ್ತಿತ್ತು:
ತಹಶೀಲ್ದಾರ ಅಮಾನತು, ಪೇದೆ ಅಮಾನತು.
ಇಟ್ಟುಕೊಳ್ಳುವುದೂ ಹೊರಗಿಡುವುದೂ
ಒಂದೇ ಬಾಯಲ್ಲಿ ಹೇಗೆ ಕೂತವೋ.

ಎರಡು ಸೆಮಿಸ್ಟರ್ ಈ ಹುಡುಗಿ ಅಮಾನತು.
ಯಾವ ಅರ್ಥದಲ್ಲಿ ಎಂದು ಕೇಳೋಣವೆನಿಸಿತು.
ಇಂಗ್ಲಿಷಿನಲ್ಲಿ ಅದಕ್ಕೆ ಬಾಯಿ ಬರಲಿಲ್ಲ.
"ನಿದ್ದೆ ರೋಗವಲ್ಲ," ಅಂದೆ. ಅಷ್ಟೇ ಆದದ್ದು.

ಮತಕ್ಕೆ ಹಾಕಿದರು. ನನ್ನ ಕೈ ಮೇಲೆ, ಗಣಿತದ ಓಲೆಕ್‌ನದೂ.
ಹ್ಯಾರಿಯೆಟ್ ಡೋನಟ್ಟಿನ ಡಬ್ಬಿಗೆಂದು ಕೈ ಚಾಚಿದಳು,
ಡೀನ್ ತಲೆ ಎತ್ತದೆ ಮೂರು ಎಂದು ಬರೆದುಕೊಂಡ.
ಚಾಚಿದ ಕೈ ಒಂದು ಕ್ಷಣ ಗಾಳಿಯಲ್ಲೇ ಇತ್ತು.
ಅವಳು ತಿದ್ದಲಿಲ್ಲ.

ಷರತ್ತು: ಎರಡೇ ವಿಷಯ, ತಿಂಗಳಿಗೊಮ್ಮೆ ಸಲಹೆಗಾರರ ಭೇಟಿ.
ಹತ್ತು ಗಂಟೆಗೆ ಮೊದಲು ತರಗತಿ ಕೂಡದು;
ಇದನ್ನು ನಾನೇ ಸೇರಿಸಿದೆ.
ಇಪ್ಪತ್ತನೆಯವನು ಪಾಠ ಕಲಿತಿದ್ದ.

ಸಂಜೆ ಪಾರ್ಕಿಂಗಿನಲ್ಲಿ ಹಿಮ ಕೆರೆದು ಕೂತೆ.
ಕೀಲಿ ತಿರುಗಿಸದೆ ಮುಂಗಾಜನ್ನೇ ನೋಡಿದೆ,
ಈ ತುದಿಯಿಂದ ಆ ತುದಿಗೆ, ಮೆಲ್ಲಗೆ.
ಒಂದು ಗುಳ್ಳೆಯೂ ಇಲ್ಲ.
ಯಾರೋ ರಾತ್ರಿಯಿಡೀ ಎಚ್ಚರವಿದ್ದರು.